ಮೊದಲ ಚೆಂಡಿಗೂ ಮುಂಚೆ

ಕೌಸಲ್ಯಾ ಅಕ್ಕಿಯ ಡ್ರಮ್ಮಿನೊಳಗೆ ಮೊಳಕೈವರೆಗೆ ಕೈ ಇಳಿಸಿ ತಡಕಾಡುತ್ತಿದ್ದಳು. ಅಡಿಗೆಮನೆಯ ಬಾಗಿಲಿಗೆ ಬಂದ ಓರಗಿತ್ತಿ ಉಷಾ ಅಲ್ಲೇ ನಿಂತುಬಿಟ್ಟಳು. ಕೌಸಲ್ಯಾಳ ಗಂಡ ಜಯತೀರ್ಥ ತೀರಿಹೋಗಿ ಮೂರು ದಿನ. ಇನ್ನೆರಡು ಗಂಟೆಯಲ್ಲಿ ಅವನನ್ನು ಕಳಿಸಿಕೊಡಲು ಹೊರಡಬೇಕು. ಅಂಥ ಹೊತ್ತಿನಲ್ಲಿ ಹೆಂಗಸೊಬ್ಬಳು ಅಕ್ಕಿ ಕೆದಕುತ್ತ ಕೂತರೆ ಯಾರಿಗಾದರೂ ಭಯವಾದೀತು.

“ಏನೇ ಅದು? ಊಟಕ್ಕೆಲ್ಲ ನಾನು ಮನೆಯಿಂದ ತಂದಿದೀನಲ್ಲ. ಇವತ್ತು ಒಲೆ ಹಚ್ಚೋ ಹಾಗಿಲ್ಲ ಕಣೆ.”

“ಊಟಕ್ಕಲ್ಲ ಅಕ್ಕ. ಡಬ್ಬಿ.”

ಡಬ್ಬಿ ಕೈಗೆ ಸಿಕ್ಕಿತು. ಹತ್ತು ವರ್ಷದ ಹಿಂದೆ ಮೈಸೂರಿನಿಂದ ಚಟ್ನಿಪುಡಿ ತುಂಬಿಸಿಕೊಂಡು ಬಂದಿದ್ದ ಬೋರ್ನ್‌ವಿಟಾ ಡಬ್ಬಿ ಅದು. ಉಷಾ ನೋಡಿದವಳೇ ಹಣೆ ಚಚ್ಚಿಕೊಂಡಳು. “ಅಯ್ಯೋ, ಇವತ್ತು ಇದು ಬೇಕಿತ್ತಾ ನಿನಗೆ?”

ಈ ಡಬ್ಬಿಯ ಸಂಗತಿ ಬಳಗಕ್ಕೆಲ್ಲ ಗೊತ್ತು. ಪ್ರತಿವರ್ಷ ಬೇಸ್‌ಬಾಲ್ ಸೀಸನ್ ಶುರುವಾಗುವ ಮುಂಚೆ ಜಯತೀರ್ಥ ಎಲ್ಲರ ಕೈಗೂ ಒಂದೊಂದು ಚೀಟಿ ಕೊಡುತ್ತಿದ್ದ. ನ್ಯೂಯಾರ್ಕಿನ ಮೆಟ್ಸ್ ತಂಡ ಈ ವರ್ಷ ಆಡುವ ನೂರ ಅರವತ್ತೆರಡು ಮ್ಯಾಚಿನಲ್ಲಿ ಎಷ್ಟು ಗೆಲ್ಲುತ್ತದೆಂದು ಬರೆದು, ಮಡಿಸಿ, ಡಬ್ಬಿಗೆ ಹಾಕಬೇಕು. ಊರಿನಲ್ಲಿ ಯುಗಾದಿಗೆ ಪಂಚಾಂಗ ಓದಿಸಿ ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಎಂದು ಕೇಳುವುದಿಲ್ಲವೆ, ಇಲ್ಲಿ ಪಂಚಾಂಗ ನಾವೇ ಬರೆಯೋಣ ಎನ್ನುತ್ತಿದ್ದ. ಡಬ್ಬಿ ವಿಜಯದಶಮಿಯವರೆಗೆ ಅಕ್ಕಿಯ ತಳದಲ್ಲಿ. ಅಂಕಿ ಹತ್ತಿರ ಬಂದವರಿಗೆ ಅವತ್ತು ಮೊದಲ ಹೋಳಿಗೆ, ತೀರ ದೂರ ಹೋದವರಿಗೆ ಪಾತ್ರೆ ತೊಳೆಯುವ ಕೆಲಸ. ಎಲ್ಲರಿಗಿಂತ ದೊಡ್ಡ ಅಂಕಿ ಬರೆಯುವ ಜಯತೀರ್ಥನೇ ಸಾಮಾನ್ಯವಾಗಿ ಪಾತ್ರೆ ತೊಳೆಯುತ್ತಿದ್ದ. ನಿಯಮ ಎರಡೇ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಸೀಸನ್ನಿನ ಮೊದಲ ಚೆಂಡು ಬೀಳುವ ಮುಂಚೆ ಡಬ್ಬಿಗೆ ಟೇಪು ಸುತ್ತಿರಬೇಕು.

ಆ ಮೊದಲ ಚೆಂಡು ಇವತ್ತೇ ಇತ್ತು. ೧೯೭೮ರ ಏಪ್ರಿಲ್ ಏಳು, ಶುಕ್ರವಾರ, ಅಮಾವಾಸ್ಯೆ, ಮಧ್ಯಾಹ್ನ ಎರಡು ದಾಟಿದ ಮೇಲೆ. ಅವರ ಫ್ಲಶಿಂಗ್ ಅಪಾರ್ಟ್‌ಮೆಂಟಿನಿಂದ ಎರಡು ಮೈಲಿಯೂ ಇಲ್ಲದ ಶೇ ಸ್ಟೇಡಿಯಮ್ಮಿನಲ್ಲಿ. ನಾಳೆ ಯುಗಾದಿ, ಸೂತಕದ ಮನೆಗೆ ಹಬ್ಬವಿಲ್ಲ. ಆದರೆ ಡಬ್ಬಿಗೆ ಸೂತಕ ಉಂಟೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ ಎಂದು ಕೌಸಲ್ಯಾ ಬೆಳಿಗ್ಗೆ ಎದ್ದಾಗಲೇ ತೀರ್ಮಾನಿಸಿದ್ದಳು.

ಮುಚ್ಚಳ ತೆಗೆದು ಎಣಿಸಿದಳು. ತನ್ನದು ಬಿಟ್ಟು ನಾಲ್ಕು ಚೀಟಿ. ಉಷಾಳದು, ಉಷಾಳ ಗಂಡ ಸೂರ್ಯನಾರಾಯಣ ಭಾವನದು, ಗೆಳೆಯ ಪಂಚಾಕ್ಷರಿಯದು, ಮಗಳು ಮಂಜರಿಯದು. ಖಾಲಿ ಚೀಟಿಗಳ ಒಂದು ಸಣ್ಣ ಕಟ್ಟು, ಜಯತೀರ್ಥನೇ ನಕ್ಷೆಯ ಕಾಗದ ಕತ್ತರಿಸಿ ಮಾಡಿಟ್ಟದ್ದು. ಅವನ ಚೀಟಿ ಇರಲಿಲ್ಲ. ಅವನು ಬರೆಯುತ್ತಿದ್ದದ್ದು ಕಟ್ಟಕಡೆಗೆ, ಮೊದಲ ಮ್ಯಾಚಿನ ದಿನ, ಸ್ನಾನ ಮಾಡಿ ಬಂದು. ಮಂಗಳವಾರ ಸಂಜೆ ಆಫೀಸಿನಿಂದ ಬರುತ್ತ ಮೇನ್ ಸ್ಟ್ರೀಟ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ನಲವತ್ತೇಳು ವರ್ಷ. ಕೌಸಲ್ಯಾ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ, ಕೈಚೀಲಕ್ಕೆ ಹಾಕಿಕೊಂಡಳು.

ಹಾಲ್‌ನಲ್ಲಿ ಭಾವ ಪಂಚಾಕ್ಷರಿಯ ಮುಂದೆ ದಾರಿಯ ನಕ್ಷೆ ಹರಡಿಕೊಂಡಿದ್ದರು. ಅವರು ಜಯತೀರ್ಥನ ದೊಡ್ಡಪ್ಪನ ಮಗ, ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಡಾಕ್ಟರು. ಮಂಗಳವಾರ ರಾತ್ರಿ ಓಡಿ ಬಂದವರು ಆಸ್ಪತ್ರೆ, ಸರ್ಟಿಫಿಕೇಟು, ಫ್ಯೂನರಲ್ ಹೋಮು, ದೇವಸ್ಥಾನದ ಪುರೋಹಿತರು ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡಿದ್ದರು. ತಮ್ಮನಿಗೆ ಗಂಡುಮಗನಿಲ್ಲವೆಂದು ಕ್ರಿಯೆಗೂ ತಾವೇ ನಿಲ್ಲುವವರಿದ್ದರು.

“ನಾರ್ದರ್ನ್ ಬುಲೆವಾರ್ಡ್ ಬೇಡವೇ ಬೇಡ,” ಅನ್ನುತ್ತಿದ್ದರು. “ಸ್ಟೇಡಿಯಂ ಪಕ್ಕದಲ್ಲೇ ಹೋಗತ್ತೆ. ಓಪನಿಂಗ್ ಡೇ ಬೇರೆ. ಸಿಕ್ಕಿಹಾಕ್ಕೊಂಡ್ರೆ ಮುಗೀತು.”

ಕೌಸಲ್ಯಾ ಬಾಗಿಲಿಗೆ ಬಂದಳು. “ಯಾರೂ ಬರೋಲ್ಲ ಭಾವ. ಹೋದ ವರ್ಷ ಒಳ್ಳೊಳ್ಳೆ ಆಟಗಾರರನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟು ಕೊನೇ ಜಾಗಕ್ಕೆ ಬಂದ ಟೀಮು. ಜನಕ್ಕೆ ಕೋಪ ಬಂದಿದೆ. ಈ ಸಲ ಸ್ಟೇಡಿಯಂ ಬಿಕೋ ಅನ್ನತ್ತೆ ಅಂತ ಇವರು ಹೇಳ್ತಿದ್ರು.”

“ನಿನಗ್ಯಾಕಮ್ಮ ಈಗ ಅದೆಲ್ಲ? ನೀನು ಹೋಗಿ ಸ್ವಲ್ಪ ಹಾಲು ಕುಡಿ,” ಎಂದರು ಭಾವ. ಅವರ ದನಿಯಲ್ಲಿ ಅಕ್ಕರೆಯೇ ಇತ್ತು. ಅದೇ ತೊಂದರೆ. ಗದರಿಸಿದ್ದರೆ ತಿರುಗಿ ಮಾತಾಡಬಹುದಿತ್ತು.

ಕೌಸಲ್ಯಾ ಅಡಿಗೆಮನೆಗೆ ಹಿಂತಿರುಗಿದಳು. ಅಡಿಗೆಮನೆಗೂ ಹಾಲ್‌ಗೂ ನಡುವೆ ತಟ್ಟೆ ದಾಟಿಸುವ ಕಿಂಡಿಯೊಂದಿತ್ತು. ಆ ಕಿಂಡಿಗೆ ಬಾಗಿಲಿಲ್ಲವೆಂಬುದು ಹಾಲ್‌ನಲ್ಲಿದ್ದವರಿಗೆ ಮರೆತುಹೋಗಿತ್ತು.

“ಹದಿಮೂರನೇ ದಿನ ಹದಿನಾರಕ್ಕೆ ಬರತ್ತೆ,” ಭಾವನ ದನಿ. “ಹದಿನೇಳಕ್ಕೆ ಏರ್‌ಲೈನ್ಸಲ್ಲಿ ಎರಡು ಸೀಟು ಹಿಡಿಸಿದೀನಿ. ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು, ತಾಯಿ ಮಗಳು ಮೈಸೂರಲ್ಲೇ ಇರ್ಲಿ. ಒನ್ ವೇ.”

“ಇಲ್ಲೇ ಇರ್ತೀನಿ ಅಂದ್ರೆ?” ಉಷಾ ಕೇಳಿದಳು.

“ಅಂತಾಳೆ, ಅಂದೇ ಅಂತಾಳೆ. ಬ್ಯಾಂಕಲ್ಲಿ ಕಾರ್ಡ್ ಪಂಚ್ ಮಾಡೋ ಸಂಬಳದಲ್ಲಿ ನ್ಯೂಯಾರ್ಕಲ್ಲಿ ಎಷ್ಟು ದಿನ ತಡೀತಾಳೆ? ಆರು ತಿಂಗಳು. ಆಮೇಲೆ ಅವಳೇ ಹೊರಡ್ತಾಳೆ. ಅದಕ್ಕೆ ಈಗಲೇ ಹೋಗೋದು ವಾಸಿ.”

“ಆರು ಭಾಳ ಆತ್ರಿ ಡಾಕ್ಟ್ರ,” ಎಂದ ಪಂಚಾಕ್ಷರಿ. ಧಾರವಾಡದವನು, ಮ್ಯಾನ್‌ಹಟನ್ನಿನಲ್ಲಿ ಸ್ಟಾಟಿಸ್ಟಿಕ್ಸ್ ಕಲಿಸುತ್ತಿದ್ದವನು. ಅಂಕಿ ಕಿವಿಗೆ ಬಿದ್ದರೆ ಸುಮ್ಮನಿರಲಾರ. “ಆಗಸ್ಟಿಗೆ ಈ ಮನಿ ಲೀಸ್ ಮುಗೀತದ. ನಾ ನಾಕ ಅಂತೀನಿ.”

“ಮೊದಲನೇ ಸ್ನೋ ಬೀಳೋವರೆಗೂ ಇರ್ತಾಳೆ ಅನ್ನಿಸತ್ತೆ ನನಗೆ,” ಎಂದಳು ಉಷಾ.

ಕೌಸಲ್ಯಾಳ ಕೈಯಲ್ಲಿದ್ದ ಹಾಲಿನ ಲೋಟ ಅಲ್ಲೇ ನಿಂತಿತು. ಅವರು ಕೆಟ್ಟವರಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಅವಳ ಮನೆಯ ಕೆಲಸ ಮಾಡಿದವರು. ಆದರೆ ಎರಡು ವಾರದ ಹಿಂದೆ ಇದೇ ಸೋಫಾದ ಮೇಲೆ ಕೂತು ಮೆಟ್ಸ್ ಎಷ್ಟು ಗೆಲ್ಲುತ್ತದೆಂದು ಲೆಕ್ಕ ಹಾಕಿದ್ದರಲ್ಲ, ಅದೇ ಮುಖ, ಅದೇ ಗಾಂಭೀರ್ಯ. ಅವಳಿಗೆ ಮೈ ಉರಿದುಹೋಯಿತು.

ಹದಿನೈದರ ಮಂಜರಿ ಫ್ರಿಜ್ಜಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಅಮ್ಮಾ, ಒನ್ ವೇ ಅಂದ್ರೆ... ವಿ ಆರ್ ನಾಟ್ ಕಮಿಂಗ್ ಬ್ಯಾಕ್?”

“ನೀನು ಹೋಗಿ ತಲೆ ಬಾಚ್ಕೋ.”

“ಅಮ್ಮಾ, ಪ್ಲೀಸ್. ಟೆಲ್ ದೆಮ್.”

“ಹೇಳ್ತೀನಿ. ನಿನ್ನ ಸ್ಕೂಲೂ ಬಿಡಿಸಲ್ಲ, ನನ್ನ ಕೆಲಸಾನೂ ಬಿಡಲ್ಲ. ಹೋಗು, ಬಾಚ್ಕೋ.”

ಹೇಳುತ್ತೇನೆಂದಳು, ಸರಿ. ಹೇಗೆ ಹೇಳುವುದು? ಇನ್ನು ಕೆಲವೇ ಗಂಟೆಯಲ್ಲಿ ಇದೇ ಭಾವ ಪಂಚೆಯುಟ್ಟು ಅವಳ ಗಂಡನ ಬಾಯಿಗೆ ನೀರು ಬಿಡುವವರು. ಅವರ ಋಣ ಕುತ್ತಿಗೆಗೆ ಬಂದಿರುವಾಗ, ನೀವು ಹಿಡಿಸಿದ ಸೀಟು ನನಗೆ ಬೇಡ ಎನ್ನಲು ಬಾಯಿ ಬರಬೇಕಲ್ಲ. ಇವತ್ತು ಹೇಳದಿದ್ದರೆ ನಾಳೆ ಉಷಾ ಪೆಟ್ಟಿಗೆ ಕಟ್ಟಲು ಶುರುಮಾಡುತ್ತಾಳೆ. ಆಮೇಲೆ ಹೇಳಿ ಪ್ರಯೋಜನವಿಲ್ಲ.

*

ಡಬ್ಬಿಗೆ ಮೊಟ್ಟಮೊದಲು ಬಿದ್ದ ಚೀಟಿ ಮೆಟ್ಸ್‌ದಲ್ಲ, ಕೌಸಲ್ಯಾಳದು. ಅದು ಅವರು ಬಂದ ವರ್ಷ, ೧೯೬೮ರ ಡಿಸೆಂಬರು. ಮನೆಯ ರೇಡಿಯೇಟರು ಕೆಟ್ಟು ಮೂರು ದಿನವಾಗಿತ್ತು. ಐದು ವರ್ಷದ ಮಂಜರಿಯನ್ನು ಎರಡು ರಗ್ಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅವಳು ಅತ್ತಿದ್ದಳು. “ನನ್ನ ಕೈಲಾಗಲ್ಲ. ಹೆಚ್ಚು ಅಂದ್ರೆ ಫೆಬ್ರವರಿ. ಆಮೇಲೆ ಒಂದು ದಿನಾನೂ ನಾನಿಲ್ಲಿ ಇರೋಲ್ಲ.”

ಜಯತೀರ್ಥ ಸಮಾಧಾನ ಹೇಳಲಿಲ್ಲ. ಅವನಿಗೆ ಅದು ಬರುತ್ತಲೂ ಇರಲಿಲ್ಲ. ಒಂದು ಚೂರು ಕಾಗದ ತಂದು, “ಬರೆದುಕೊಡು,” ಎಂದ. ಅವಳು ಸಿಟ್ಟಿನಲ್ಲೇ ‘ಫೆಬ್ರವರಿ’ ಎಂದು ಬರೆದೆಸೆದಳು. ಅವನು ಅದನ್ನು ಮಡಿಸಿ ಖಾಲಿಯಾಗಿದ್ದ ಚಟ್ನಿಪುಡಿ ಡಬ್ಬಿಗೆ ಹಾಕಿ, “ವಿಜಯದಶಮಿಗೆ ತೆಗೆದು ನೋಡೋಣ,” ಎಂದ.

ಏಪ್ರಿಲ್ ಬಂತು. ಜಯತೀರ್ಥ ಸೇತುವೆಗಳ ನಕ್ಷೆ ಬರೆಯುತ್ತಿದ್ದ ಮ್ಯಾನ್‌ಹಟನ್ನಿನ ಆಫೀಸಿನಲ್ಲಿ ಅವತ್ತು ಯಾರೂ ಪೆನ್ಸಿಲ್ ಮುಟ್ಟಲಿಲ್ಲವಂತೆ. ಎಲ್ಲರೂ ಮೆಟ್ಸ್ ಎಷ್ಟು ಗೆಲ್ಲುತ್ತದೆಂದು ಬರೆದುಕೊಡುತ್ತಿದ್ದರು. ಹೊಸಬನಾದ ಜಯತೀರ್ಥನ ಕೈಗೂ ಒಂದು ಕಾಗದ ಬಂತು. ಬೇಸ್‌ಬಾಲಿನ ಗಂಧಗಾಳಿ ಇಲ್ಲದವನು. ಆದರೆ ಮೈಸೂರಿನಲ್ಲಿ ಕಾಲೇಜು ಟೀಮಿಗೆ ಓಪನಿಂಗ್ ಬ್ಯಾಟ್ಸ್‌ಮನ್. ಒಮ್ಮೆ ಇಡೀ ದಿನ ನಿಂತು ಹದಿನೆಂಟೇ ರನ್ ಹೊಡೆದು ಸೋಲುವ ಮ್ಯಾಚನ್ನು ಡ್ರಾ ಮಾಡಿಸಿದವನು. ಅವನು ತನಗೆ ತಿಳಿದ ಹಾಗೆ ಯೋಚಿಸಿ ಬರೆದ: ಗೆಲುವು ನೂರು, ಸೋಲು ನಲವತ್ತು, ಡ್ರಾ ಇಪ್ಪತ್ತೆರಡು.

ಆಫೀಸೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಬೇಸ್‌ಬಾಲಿನಲ್ಲಿ ಡ್ರಾ ಎಂಬುದೇ ಇಲ್ಲ. ಹೊತ್ತು ಮುಳುಗಲಿ, ನಡುರಾತ್ರಿಯಾಗಲಿ, ಒಬ್ಬರು ಸೋಲುವವರೆಗೆ ಆಡುತ್ತಲೇ ಇರಬೇಕು. ಅಲ್ಲದೆ ಆ ತಂಡ ಹುಟ್ಟಿದಂದಿನಿಂದ ಸೋಲುವುದರಲ್ಲೇ ಹೆಸರು ಮಾಡಿದ್ದು. ನೂರು ಗೆಲುವೆಂದರೆ ಹುಚ್ಚನ ಮಾತು. ಆದರೆ ಆ ವರ್ಷ ಮೆಟ್ಸ್ ಮೈಮೇಲೆ ಏನು ಬಂದಿತ್ತೋ, ನೂರು ಎಂದರೆ ಸರಿಯಾಗಿ ನೂರೇ ಗೆದ್ದಿತು. ಊರಿಗೆ ಊರೇ ಕುಣಿಯಿತು. ಜಯತೀರ್ಥನ ಚೀಟಿ ಮಾತ್ರ ಅಸಿಂಧು ಎಂದು ಆಫೀಸಿನ ಹಿರಿಯರು ತೀರ್ಪು ಕೊಟ್ಟರು. ಇಲ್ಲದ ಡ್ರಾ ಬರೆದಿದ್ದನಲ್ಲ!

ವಿಜಯದಶಮಿಯ ಸಂಜೆ ಅವನು ಡಬ್ಬಿ ತೆರೆದು ‘ಫೆಬ್ರವರಿ’ ಎಂದು ಬರೆದದ್ದನ್ನು ಅವಳ ಮುಂದೆ ಹಿಡಿದ. ಅಕ್ಟೋಬರ್ ನಡೆಯುತ್ತಿತ್ತು, ಅವಳು ಇನ್ನೂ ಇಲ್ಲೇ ಇದ್ದಳು, ಕಂಪ್ಯೂಟರಿಗೆ ಕಾರ್ಡು ತೂತು ಹೊಡೆಯುವ ಕೀಪಂಚ್ ತರಗತಿಗೆ ಸೇರಿಕೊಂಡಿದ್ದಳು.

“ನೀವೂ ಸೋತ್ರಿ, ನಾನೂ ಸೋತೆ,” ಎಂದಳು ಅವಳು ನಗುತ್ತ.

“ಇಬ್ಬರೂ ಸೋತ್ರೆ ಅದು ಡ್ರಾ ಕಣೇ,” ಎಂದು ಅವನು ಪಾತ್ರೆ ತೊಳೆಯಲು ತೋಳು ಮಡಿಸಿದ.

*

ಫ್ಯೂನರಲ್ ಹೋಮಿನಲ್ಲಿ ಅವನಿಗೆ ಕಂದು ಸೂಟು ತೊಡಿಸಿ, ತಲೆ ಬಾಚಿ, ಎಂದೂ ಇಲ್ಲದ ಗಂಭೀರ ಮುಖ ಮಾಡಿ ಮಲಗಿಸಿದ್ದರು. ಕೌಸಲ್ಯಾ ಮಂಜರಿಯೊಂದಿಗೆ ಮುಂದಿನ ಕುರ್ಚಿಯಲ್ಲಿ ಕೂತಳು. ಭಾವ, ಉಷಾ, ಪುರೋಹಿತರು ಪಂಚಾಕ್ಷರಿಯ ಕಾರಿನಲ್ಲಿ ಮುಂದಾಗಿಯೇ ಹೊರಟುಹೋಗಿದ್ದರು. ಕ್ರಿಮೆಟೋರಿಯಮ್ಮಿನಲ್ಲಿ ಎಲ್ಲ ಅಣಿಮಾಡಬೇಕು, ಸ್ಟೇಡಿಯಮ್ಮಿನ ದಾರಿ ತಪ್ಪಿಸಿ ಸುತ್ತುಹಾಕಿಕೊಂಡು ಹೋಗಬೇಕು, ಅದಕ್ಕೆ.

ಬಾಗಿಲಲ್ಲಿ ದಪ್ಪ ಮನುಷ್ಯನೊಬ್ಬ ಹ್ಯಾಟು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ವಿನ್ನಿ. ಆಫೀಸಿನಲ್ಲಿ ಹತ್ತು ವರ್ಷ ಜಯತೀರ್ಥನ ಪಕ್ಕದ ಮೇಜಿನಲ್ಲಿ ಕೂತ ಇಟಾಲಿಯನ್ ಮನೆತನದವನು. ಅವನು ಒಳಗೆ ಬಂದು ಗೆಳೆಯನನ್ನು ನೋಡಿದ, ಎದೆಗೆ ಶಿಲುಬೆ ಬರೆದುಕೊಂಡ, ಕೌಸಲ್ಯಾಳ ಪಕ್ಕದಲ್ಲಿ ಕೂತ. ಬಹಳ ಹೊತ್ತು ಕೆಮ್ಮಿದ ಮೇಲೆ ಇಂಗ್ಲಿಷಿನಲ್ಲಿ ಶುರುಮಾಡಿದ. ಆಫೀಸಿನಲ್ಲಿ ಜಯತೀರ್ಥನ ಹೆಸರು ಜೇ.

“ಆವತ್ತು ನಾವು ಜೇಗೆ ಮೋಸ ಮಾಡಿದೆವು. ಅರವತ್ತೊಂಬತ್ತರಲ್ಲಿ. ಗೊತ್ತಾ ನಿಮಗೆ?”

“ಗೊತ್ತು. ನೂರು.”

“ನೂರು! ನಾನು ಅರವತ್ತೆಂಟು ಅಂತ ಬರೆದಿದ್ದೆ. ಆಮೇಲೆ ನೀವು ನಂಬೋದಿಲ್ಲ, ಮುಂದಿನ ವರ್ಷವೂ ಅವನು ಡ್ರಾ ಬರೆದ. ಒಂದೇ ಒಂದು. ಅದರ ಮುಂದಿನ ವರ್ಷವೂ ಒಂದು. ಪ್ರತಿವರ್ಷ. ಜೇ, ಇದು ಅಸಿಂಧು ಆಗುತ್ತೆ ಕಣಯ್ಯ ಅಂದರೆ, ಆಗಲಿ ಬಿಡು ಅನ್ನುತ್ತಿದ್ದ. ಇಡೀ ವರ್ಷದಲ್ಲಿ ಒಂದು ದಿನವಾದರೂ ಯಾರೂ ಸೋಲದೆ ಮನೆಗೆ ಹೋಗಬಾರದಾ ಅನ್ನುತ್ತಿದ್ದ.”

ಕೌಸಲ್ಯಾಗೆ ಇದು ಹೊಸ ಸುದ್ದಿ. ಹತ್ತು ವರ್ಷ ಒಂದೇ ಮನೆಯಲ್ಲಿದ್ದು, ಆಫೀಸಿನಲ್ಲಿ ಬೇಕೆಂದೇ ಸೋಲುತ್ತಿದ್ದ ಗಂಡನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವನ ಮೇಲೆ ಅಕ್ಕರೆ ಉಕ್ಕಿ ಬಂತು, ಅದನ್ನು ಹೇಳಿಕೊಳ್ಳಲು ಅವನೇ ಇರಲಿಲ್ಲ.

“ಈ ವರ್ಷದ್ದು ಬರೆಯದೆ ಹೋದರು,” ಎಂದಳು.

“ಸೋಮವಾರ ಊಟದ ಹೊತ್ತಿನಲ್ಲಿ ಹೇಳಿದ್ದನಲ್ಲ ನನಗೆ.” ವಿನ್ನಿ ಬೆರಳು ಮಡಿಸಿದ. “ಗೆಲುವು ಎಂಬತ್ತೊಂದು, ಸೋಲು ಎಂಬತ್ತು, ಡ್ರಾ ಒಂದು. ಇವರು ಈ ಸಲ ಅರವತ್ತೂ ಗೆಲ್ಲೋದಿಲ್ಲ ಅಂದೆ. ನಿಂತರೆ ಸಾಕು, ಓಡಬೇಕಾಗಿಲ್ಲ ಅಂದ. ಅದೇನು ಅಂದನೋ ನನಗೆ ಅರ್ಥವಾಗಲಿಲ್ಲ.”

ಕೌಸಲ್ಯಾಗೆ ಅರ್ಥವಾಯಿತು. ಹದಿನೆಂಟು ರನ್ನಿನ ಆ ಮ್ಯಾಚಿನ ವರ್ಣನೆಯನ್ನು ಅವಳು ಮದುವೆಯಾದಂದಿನಿಂದ ನೂರು ಸಲ ಕೇಳಿದ್ದಳು. ಚೀಟಿಯೊಂದನ್ನು ತೆಗೆದು ಮೂರು ಅಂಕಿಯನ್ನೂ ಅವಳೇ ಬರೆದು ಡಬ್ಬಿಗೆ ಹಾಕಿದಳು. ಆಮೇಲೆ ಎದ್ದುಹೋಗಿ ಅವನ ಕೆನ್ನೆ ಮುಟ್ಟಿ ನೋಡಿದಳು, ಅದು ತೀರ ತಣ್ಣಗಿತ್ತು.

ಹೊರಗೆ ಶವದ ಕಾರಿನ ಡ್ರೈವರು ದಾರಿ ಕೇಳಿದ. ಡಾಕ್ಟರು ಎಕ್ಸ್‌ಪ್ರೆಸ್‌ವೇ ಹಿಡಿದು ಸುತ್ತಿಕೊಂಡು ಬನ್ನಿ ಅಂದಿದ್ದಾರೆ, ಹಾಗೇ ಹೋಗಲೇ ಎಂದ.

“ಬೇಡ. ನಾರ್ದರ್ನ್ ಬುಲೆವಾರ್ಡಿನಲ್ಲೇ ನೆಟ್ಟಗೆ ಹೋಗಿ,” ಎಂದಳು ಕೌಸಲ್ಯಾ.

“ಮೇಡಂ, ಇವತ್ತು ಓಪನಿಂಗ್ ಡೇ.”

“ಗೊತ್ತು. ಯಾರೂ ಬರೋದಿಲ್ಲ.”

ಡ್ರೈವರು ವಿನ್ನಿಯ ಮುಖ ನೋಡಿದ. ವಿನ್ನಿ ಭುಜ ಕುಣಿಸಿ, “ಅವರು ಹೇಳಿದ ಹಾಗೆ ಮಾಡು. ಆ ಮನೆಯವರ ಅಂಕಿಗೆ ನಾನು ಇನ್ನು ಎದುರಾಡೋದಿಲ್ಲ,” ಎಂದ.

ಶವದ ಕಾರು ಮುಂದೆ, ತಾಯಿ ಮಗಳನ್ನು ಕೂರಿಸಿಕೊಂಡ ವಿನ್ನಿಯ ಕಾರು ಹಿಂದೆ. ರಸ್ತೆ ಖಾಲಿಯಾಗಿಯೇ ಇತ್ತು. ಸ್ಟೇಡಿಯಂ ಪಕ್ಕದ ಪಾರ್ಕಿಂಗ್ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಕಾರು. ಬಾವುಟ ಮಾರುವವನು ಮಡಚು ಕುರ್ಚಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ. ಶವದ ಕಾರು ಕಂಡು ಟೋಪಿ ತೆಗೆದ. ಮಂಜರಿ ಕಿಟಕಿಗೆ ಹಣೆಯೊತ್ತಿ ನೋಡುತ್ತಲೇ ಇದ್ದಳು. ಅಪ್ಪನ ಜೊತೆ ಅವಳು ಎಷ್ಟು ಭಾನುವಾರ ಅಲ್ಲಿ ಕೂತು ಮನೆಯ ಪುಳಿಯೋಗರೆ ತಿಂದಿದ್ದಳೋ! ಕೌಸಲ್ಯಾ ಅವಳ ಕೈ ಹಿಡಿದುಕೊಂಡಳು. ಮಂಜರಿ ಅತ್ತಳು. ನಿಗದಿಯಾದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆಯೇ ಕ್ರಿಮೆಟೋರಿಯಂ ತಲುಪಿದರು.

ಭಾವ ಇನ್ನೂ ಬಂದಿರಲಿಲ್ಲ. ಹೊತ್ತು ಮೀರುತ್ತಿದೆಯೆಂದು ಅಲ್ಲಿಯ ಮ್ಯಾನೇಜರು ಎರಡು ಸಲ ಬಂದು ಗಡಿಯಾರ ತೋರಿಸಿ ಹೋದ. ಕಡೆಗೆ ಪಂಚಾಕ್ಷರಿಯ ಕಾರು ಬಂತು. ಎಕ್ಸ್‌ಪ್ರೆಸ್‌ವೇಯಲ್ಲಿ ರಿಪೇರಿಯಂತೆ, ಒಂದೇ ಸಾಲು ಬಿಟ್ಟಿದ್ದರಂತೆ. ಭಾವ ಹಣೆಯ ಬೆವರು ಒರೆಸುತ್ತ ಇಳಿದರು. “ನೀವು ಹೇಗೆ ಬಂದ್ರಿ?”

“ಸ್ಟೇಡಿಯಂ ಪಕ್ಕದಲ್ಲೇ ಬಂದ್ವಿ ಭಾವ,” ಎಂದಳು ಕೌಸಲ್ಯಾ.

“ದೇರ್ ವಾಸ್ ನೋಬಡಿ, ದೊಡ್ಡಪ್ಪ,” ಎಂದಳು ಮಂಜರಿ.

ಭಾವ ಕೋಟು ಕಳಚಿ ಕಾರಿನಲ್ಲಿಟ್ಟು, ಪಂಚೆಯುಟ್ಟು, ಶಲ್ಯ ಹೊದ್ದು ಬಂದರು. ಪುರೋಹಿತರು ಅವಸರದಲ್ಲೂ ಮಂತ್ರ ನುಂಗಲಿಲ್ಲ. ಭಾವ ತಮ್ಮನ ಬಾಯಿಗೆ ತುಳಸಿ, ಗಂಗಾಜಲ ಬಿಡುವಾಗ ಅರ್ಧ ನೀರು ಕೊರಳಿಗೆ ಇಳಿಯಿತು. “ಲೋ ಜಯಾ,” ಎಂದು ಒಂದೇ ಸಲ ಕರೆದರು, ಮೈಸೂರಿನ ಬೀದಿಯಲ್ಲಿ ಆಟ ಬಿಟ್ಟು ಊಟಕ್ಕೆ ಬಾ ಎಂದು ಕರೆಯುವ ಹಾಗೆ. ಕೌಸಲ್ಯಾ ಅದುವರೆಗೆ ತಡೆದುಕೊಂಡಿದ್ದೆಲ್ಲ ಆ ಕೂಗಿಗೆ ಒಡೆದು ಹೋಯಿತು. ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಮಂಜರಿ ಅಮ್ಮನ ಸೊಂಟ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಹೊರಗೆ ಬಂದಾಗ ಎರಡಕ್ಕೆ ಹತ್ತು ನಿಮಿಷ. ಎಲ್ಲರೂ ಕಾರುಗಳ ಹತ್ತಿರ ನಿಂತಿದ್ದರು. ಬಿಸಿಲಿತ್ತು, ಗಾಳಿ ಮಾತ್ರ ಚಳಿಗಾಲದ್ದೇ. ಉಷಾ ಕೌಸಲ್ಯಾಳ ಬೆನ್ನು ಸವರಿದಳು. “ಹದಿಮೂರನೇ ದಿನದವರೆಗೆ ನೀನೇನೂ ಯೋಚನೆ ಮಾಡ್ಬೇಡ. ನಾಳೆಯಿಂದ ನಾನೇ ಬಂದು ಸ್ವಲ್ಪ ಸ್ವಲ್ಪ ಪ್ಯಾಕ್ ಮಾಡ್ತೀನಿ.”

ಕೌಸಲ್ಯಾ ಕೈಚೀಲ ತೆರೆದು ಡಬ್ಬಿ ತೆಗೆದಳು. ಕಾರಿನ ಬಾನೆಟ್ಟಿನ ಮೇಲೆ ಅದನ್ನಿಟ್ಟು, ಖಾಲಿ ಚೀಟಿಗಳನ್ನು ಎಣಿಸಿದಳು. ಒಂದು ಉಷಾಗೆ, ಒಂದು ಪಂಚಾಕ್ಷರಿಗೆ, ಒಂದು ಭಾವನಿಗೆ.

“ಏನಮ್ಮ ಇದು?” ಎಂದರು ಭಾವ.

“ಬರೀರಿ ಭಾವ. ನಾನು ಈ ಊರಲ್ಲಿ ಎಷ್ಟು ತಿಂಗಳು ತಡೀತೀನಿ ಅಂತ. ಬೆಳಿಗ್ಗೆ ನೀವು ಆರು ಅಂದ್ರಿ, ಪಂಚಾಕ್ಷರಿಯವರು ನಾಲ್ಕು ಅಂದ್ರು, ಅಕ್ಕ ಮೊದಲನೇ ಸ್ನೋ ಅಂದ್ರು. ಕಿಂಡಿಯಲ್ಲಿ ಎಲ್ಲಾ ಕೇಳಿಸ್ತು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ನಿಮ್ಮ ತಮ್ಮನದೇ ರೂಲು. ವಿಜಯದಶಮಿಗೆ ತೆಗೆದು ನೋಡೋಣ.”

ಉಷಾ ಡಬ್ಬಿಗೆ ಕೈ ಅಡ್ಡ ಹಿಡಿದಳು. “ಶ್, ಸ್ಮಶಾನದಲ್ಲಿ ನಿಂತು ಏನೇ ಇದು...”

“ವೈನಿ, ನಾ ಹಂಗ ಅನಬಾರದಿತ್ರೀ,” ಎಂದ ಪಂಚಾಕ್ಷರಿ ತಲೆ ತಗ್ಗಿಸಿ. “ಚಟ ನೋಡ್ರಿ ನಂದು. ತಪ್ಪಾತು.”

“ತಪ್ಪು ಅಂತ ನಾನೆಲ್ಲಂದೆ? ನಾನೂ ಒಂದ್ಸಲ ಬರೆದಿದ್ದೆ, ಫೆಬ್ರವರಿ ಅಂತ. ಸೋತೆ. ಬರೀರಿ.”

ಪಂಚಾಕ್ಷರಿ ಚೀಟಿಯನ್ನು ಅಂಗೈ ಮೇಲಿಟ್ಟುಕೊಂಡು ಏನೋ ಗೀಚಿ, ಮಡಿಸಿ, ಡಬ್ಬಿಗೆ ಹಾಕಿದ. “ನಾಕಂತೂ ಬರದಿಲ್ಲರೀ,” ಎಂದ. ವಿನ್ನಿ ಏನು ನಡೆಯುತ್ತಿದೆಯೆಂದು ಮಂಜರಿಯನ್ನು ಕೇಳಿದ. ಅವಳು ಇಂಗ್ಲಿಷಿನಲ್ಲಿ ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ಹ್ಯಾಟು ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಭಾವ ಪೆನ್ನು ಹಿಡಿದುಕೊಂಡು ಚೀಟಿಯನ್ನೇ ನೋಡುತ್ತಿದ್ದರು. ಗಾಳಿಗೆ ಶಲ್ಯ ಹಾರುತ್ತಿತ್ತು. ಸಿಟ್ಟಾಗುತ್ತಾರೆಂದು ಉಷಾ ಅವರ ತೋಳಿಗೆ ಕೈ ಹಾಕಿದಳು. ಕೌಸಲ್ಯಾ ಪೆನ್ನು ಹಿಡಿದ ಆ ಕೈಯನ್ನು ನೋಡಿದಳು. ಈಗಷ್ಟೇ ತನ್ನ ಗಂಡನಿಗೆ ನೀರು ಬಿಟ್ಟ ಕೈ ಅದು. ಆದರೂ ಅವಳು ಕಣ್ಣು ತಗ್ಗಿಸಲಿಲ್ಲ.

“ನಿನ್ನ ಒಳ್ಳೇದಕ್ಕೇ ಹೇಳಿದ್ದು ನಾನು,” ಎಂದರು ಭಾವ ಕಡೆಗೆ.

“ನನಗದು ಗೊತ್ತು ಭಾವ. ಅದಕ್ಕೇ ಜಗಳ ಆಡ್ತಿಲ್ಲ. ಕಷ್ಟ ಆಗತ್ತೆ, ಅದೂ ಗೊತ್ತು. ದೊಡ್ಡದಾಗಿ ಗೆದ್ದುಬಿಡ್ತೀನಿ ಅಂತಲೂ ಹೇಳ್ತಿಲ್ಲ. ಇವಳ ಸ್ಕೂಲು ಮುಗಿಯೋವರೆಗೆ ಬೀಳದೆ ನಿಂತಿರ್ತೀನಿ. ಅಷ್ಟು ನನ್ನ ಕೈಲಾಗತ್ತೆ. ಆಗಲ್ಲ ಅಂತ ನಿಮಗನ್ನಿಸಿದ್ರೆ ಬರೀರಿ.”

ಭಾವ ಪೆನ್ನಿನ ತುದಿಯನ್ನು ಕಾಗದಕ್ಕೆ ತಂದರು. ‘ಆ’ ಎಂಬ ಅಕ್ಷರವಷ್ಟೇ ಮೂಡಿತು. ಅಲ್ಲಿಗೆ ಕೈ ನಿಂತುಹೋಯಿತು.

“ಬರೆಯೋಕಾಗಲ್ಲಮ್ಮ,” ಎಂದರು. “ಆರು ಅಂತ ಬರೆದುಬಿಟ್ರೆ, ಅಕ್ಟೋಬರ್‌ವರೆಗೆ ನೀನು ಸೋಲೋದನ್ನೇ ಕಾಯ್ಕೊಂಡು ಕೂರ್ಬೇಕಾಗತ್ತೆ. ಜಯ ಯಾವಾಗ್ಲೂ ದೊಡ್ಡ ಅಂಕೀನೇ ಯಾಕೆ ಬರೀತಿದ್ದ ಅಂತ ಈಗ ಗೊತ್ತಾಯ್ತು ನನಗೆ.”

ಅವರು ಚೀಟಿಯನ್ನು ಮುದುಡಿ ಮುಷ್ಟಿಯಲ್ಲಿಟ್ಟುಕೊಂಡರು. ಉಷಾ ತನ್ನದನ್ನು ಖಾಲಿಯಾಗಿಯೇ ಕೌಸಲ್ಯಾಳ ಕೈಗೆ ವಾಪಸ್ಸು ಕೊಟ್ಟಳು.

“ಅಮ್ಮಾ, ಟೂ ಓ ತ್ರೀ,” ಎಂದಳು ಮಂಜರಿ ಗಡಿಯಾರ ನೋಡಿ. ಮೊದಲ ಚೆಂಡು ಬೀಳುವ ಮುಂಚೆ ಕೌಸಲ್ಯಾ ಮುಚ್ಚಳ ಒತ್ತಿ, ಟೇಪಿನ ತುದಿ ಹಲ್ಲಿನಿಂದ ಕಚ್ಚಿ ಹರಿದು, ಡಬ್ಬಿಯ ಸುತ್ತ ಎರಡು ಸುತ್ತು ಬಿಗಿದಳು.

ಭಾವ ಗೇಟಿನ ಕಡೆ ತಿರುಗಿ, “ಇಲ್ಲಿ ಫೋನ್ ಎಲ್ಲಿದೆ?” ಎಂದು ಕೇಳಿದರು.

ಗೇಟಿನ ಪಕ್ಕದಲ್ಲಿ ಗಾಜಿನ ಬೂತೊಂದಿತ್ತು. ವಿನ್ನಿ ಕೊಟ್ಟ ನಾಣ್ಯ ಹಾಕಿ ಭಾವ ಏರ್‌ಲೈನ್ಸಿನ ನಂಬರು ತಿರುಗಿಸಿದರು. ಆ ಕಡೆಯವರು ಕಾಯಿರಿ ಎಂದು ಸಂಗೀತ ಹಚ್ಚಿಟ್ಟು ಎಲ್ಲಿಗೋ ಹೋದರು. ಪಂಚೆಯುಟ್ಟು, ಬರಿಮೈಗೆ ಶಲ್ಯ ಸುತ್ತಿಕೊಂಡು ಫೋನು ಹಿಡಿದು ನಡುಗುತ್ತಿದ್ದ ಡಾಕ್ಟರನ್ನು ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಎರಡು ಸಲ ತಿರುಗಿ ನೋಡಿದಳು. ಬಹಳ ಹೊತ್ತಾದ ಮೇಲೆ ಯಾರೋ ಸಿಕ್ಕರು. ಭಾವ ಹೆಸರುಗಳನ್ನು ಒಂದೊಂದೇ ಅಕ್ಷರವಾಗಿ ಹೇಳಿದರು. ಹದಿನೇಳಕ್ಕೆ ಹೋಗುವ ಎರಡು ಸೀಟು ಇರಲಿ, ಆದರೆ ಅದಕ್ಕೆ ವಾಪಸ್ಸು ಬರುವುದನ್ನೂ ಸೇರಿಸಿ ಎಂದರು. ಆಮೇಲೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ಕೌಸಲ್ಯಾಳ ಕಡೆ ತಿರುಗಿದರು.

“ಬರೋ ತಾರೀಖು ಕೇಳ್ತಿದಾರೆ. ಯಾವತ್ತು?”

“ಏಪ್ರಿಲ್ ಮೂವತ್ತು, ಭಾನುವಾರ. ಸೋಮವಾರ ನನಗೆ ಆಫೀಸಿದೆ, ಇವಳಿಗೆ ಸ್ಕೂಲಿದೆ.”

ಭಾವ ತಾರೀಖು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಪರೇಟರು ನಡುವೆ ಬಂದು, ಹೊತ್ತು ಮುಗಿಯಿತು, ಇನ್ನೈದು ಸೆಂಟು ಹಾಕಿ ಎಂದಳು. ಭಾವ ಗಾಬರಿಯಾಗಿ ಸೊಂಟದ ಎರಡೂ ಬದಿ ತಡವಿಕೊಂಡರು. ಪಂಚೆಗೆಲ್ಲಿಯ ಜೇಬು! ಕೌಸಲ್ಯಾ ಬೂತಿನ ಬಾಗಿಲಿಗೆ ಭುಜ ಕೊಟ್ಟು ಒಳಗೆ ಬಾಗಿ, ತನ್ನ ಪರ್ಸಿನಿಂದ ನಾಣ್ಯ ತೆಗೆದು ತೂತಿನೊಳಕ್ಕೆ ತಳ್ಳಿದಳು. ಅದು ಒಳಗೆ ಬಿದ್ದ ಸದ್ದು ಕೇಳಿದ ಮೇಲೂ ಇನ್ನೊಂದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, ಸಂಪರ್ಕ ಕಡಿದುಹೋಗದಂತೆ ತೂತಿನ ಹತ್ತಿರವೇ ಕೈಯಿಟ್ಟು ನಿಂತಳು.